ಬೆಳ್ಳಿಯ ಪಾಲು

೧೧ ಜನವರಿ ೧೯೮೪

ಅಕ್ಕಾ,

ನೀನು ಕಳಿಸಿದ್ದ ದಪ್ಪ ಕಾಗದ ಇದರ ಜೊತೆಗೇ ಇದೆ. ಅಚ್ಚು ಹಾಕಿದ ವೃತ್ತಗಳೊಳಗೆ ಪಾಪುವಿನ ಹಿಮ್ಮಡಿಯ ರಕ್ತ ತುಂಬಿಸಿದ್ದೇನೆ. ಎರಡು ಸರಿಯಾಗಿ ತುಂಬಿದವು. ಕೊನೆಯದಕ್ಕೆ ಬರುವಷ್ಟರಲ್ಲಿ ಅವನು ಮನೆ ಹಾರಿಹೋಗುವ ಹಾಗೆ ಕಿರುಚಿದ. ಅತ್ತೆ ಓಡಿ ಬಂದರು. "ಹೆತ್ತು ಇನ್ನೂ ಮೈ ಆರಿಲ್ಲ, ಮಗೂಗೆ ಸೂಜಿ ಚುಚ್ತಾ ಕೂತಿದೀಯಲ್ಲೇ, ನಿನಗೇನು ಬಂದಿದೆ?" ಅಂದರು. ಅಕ್ಕ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡೋಳಲ್ವಾ, ಅವಳಿಗೆ ಬೇಕಂತೆ ಅಂದೆ. "ಯಾಕೆ, ಅಲ್ಲಿ ರಕ್ತ ಸಾಲದೇ ಬಂತಾ ಅವಳಿಗೆ?" ಅಂದರು. ನನಗೂ ನಗು ಬಂತು.

ನಕ್ಕೆನಾದರೂ ಒಳಗೆ ನಗು ಇಲ್ಲ. ಹೋದ ಸಲ ಬಂದಾಗ ನೀನು ಬೆಳ್ಳಿಯ ತಲೆ ಮೂಸಿ ನೋಡಿದೆ. ಅವಳ ಒದ್ದೆ ಬಟ್ಟೆಯನ್ನೂ ಮೂಸಿದೆ. ಆಮೇಲೆ ಮುಖ ಸಣ್ಣ ಮಾಡಿಕೊಂಡು ಬಸ್ಸು ಹತ್ತಿದವಳು ತಿಂಗಳುಗಟ್ಟಲೆ ಒಂದು ಸಾಲು ಬರೆಯಲಿಲ್ಲ. ಈಗ ಪಾಪು ಹುಟ್ಟಿದ ಸುದ್ದಿ ಕೇಳಿದ್ದೇ ತಡ ಈ ಕಾಗದ. ಅನುಮಾನ ಏನಿದೆ, ಬಾಯಿ ಬಿಟ್ಟು ಹೇಳಬಾರದೇ?

ಬೆಳ್ಳಿ ಹಾಗೇ ಇದ್ದಾಳೆ. ಮಗಳಿಗೆ ಆರು ತುಂಬಿತು, ಮಾತಿಲ್ಲ. ಹಾಲಿನ ಕ್ಯಾನುಗಳನ್ನು ಜೋಡಿಸಿಡುವ ಕೋಣೆಯ ಗೋಡೆಗೆ ಒರಗಿ ಹಿಂದೆ ಮುಂದೆ ತೂಗುತ್ತಾ ಕೂರುತ್ತಾಳೆ. ಸಿಟ್ಟು ಬಂದರೆ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಾಳೆ. ಕೂದಲು ಮಾತ್ರ ಈಗಲೂ ಜೋಳದ ತೆನೆಯ ರೇಷ್ಮೆಯಂತೆ. ಅವಳು ಕೂಸಾಗಿದ್ದಾಗ ಮಾವ ಡೈರಿಗೆ ಬಂದ ಗಿರಾಕಿಗಳಿಗೆಲ್ಲ ಎತ್ತಿ ತೋರಿಸುತ್ತಿದ್ದರು: "ನೋಡಿ, ನಮ್ಮ ಹಾಲು ಕುಡಿದ ಬಣ್ಣ ಇದು." ಬೆಳ್ಳಿ ಅಂತ ಹೆಸರು ಇಟ್ಟದ್ದೂ ಅವರೇ. ಈಗ ಗಿರಾಕಿ ಬಂದರೆ ಅವಳಿರುವ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಾರೆ.

ಪಾಪು ಕಪ್ಪಗೆ ಹುಟ್ಟಬಾರದೇ ಅಂತ ನಾನು ಆಸೆಪಟ್ಟಿದ್ದೆ. ಅವನೂ ಬೆಳ್ಳಗೇ ಇದ್ದಾನೆ.

ನಿನ್ನ ತಂಗಿ


೨೪ ಜನವರಿ ೧೯೮೪

ಪ್ರೀತಿಯ ತಂಗಿಗೆ,

ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ, ಕಾರಣ ಆಮೇಲೆ. ಪಾಪುವನ್ನು ಕರೆದುಕೊಂಡು ಕೂಡಲೇ ಹೊರಟು ಬಾ. ಇದೇ ವಾರ ಬಾ.

ಅವನ ರಕ್ತದಲ್ಲಿ ಒಂದು ವಸ್ತು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಹೇಗೆ ಗೊತ್ತಾಯಿತು ಎಂದು ನೀನು ಕೇಳುತ್ತೀಯ. ತಟ್ಟೆಯಲ್ಲಿ ಒಂದು ಬಗೆಯ ಅಂಟು ಹರಡಿ ಅದರಲ್ಲಿ ಬ್ಯಾಕ್ಟೀರಿಯಾ ಬಿತ್ತಿರುತ್ತೇವೆ. ಆ ವಸ್ತು ಸಿಕ್ಕಲ್ಲಿ ಮಾತ್ರ ಅವು ಬೆಳೆಯುವ ಹಾಗೆ ಏರ್ಪಾಟು. ನೀನು ಕಳಿಸಿದ ಕಾಗದದಿಂದ ರಕ್ತದ ಒಂದು ಬಿಲ್ಲೆ ಕತ್ತರಿಸಿ ಅದರ ಮೇಲಿಟ್ಟರೆ, ಮಾರನೆಯ ದಿನ ಬಿಲ್ಲೆಯ ಸುತ್ತ ಬಿಳಿ ಉಂಗುರ ಮೂಡುತ್ತದೆ. ವಸ್ತು ಹೆಚ್ಚಿದ್ದಷ್ಟೂ ಉಂಗುರ ದೊಡ್ಡದು. ನಮ್ಮಲ್ಲಿ ಈ ಪರೀಕ್ಷೆ ಹೊಸದು. ಪಾಪುವಿನ ಉಂಗುರ ಪಕ್ಕದ ಮಕ್ಕಳ ಬಿಲ್ಲೆಗಳ ಜಾಗವನ್ನೂ ನುಂಗಿತ್ತು. ಮತ್ತೆ ಮಾಡಿ ನೋಡಿದೆ. ಅದೇ.

ಹಾಲು, ಬೇಳೆ, ಮೊಟ್ಟೆ, ಮಾಂಸ, ಇವೆಲ್ಲದರಲ್ಲೂ ಪ್ರೋಟೀನು ಇದೆಯಲ್ಲ, ಅದು ಮಣಿಸರದಂಥದ್ದು ಎಂದುಕೋ. ಮಣಿಗಳೇ ಅಮೈನೋ ಆಮ್ಲಗಳು, ಇಪ್ಪತ್ತು ಬಗೆ. ಹೊಟ್ಟೆ ಸರವನ್ನು ಕಡಿದು ಮಣಿ ಬಿಡಿಸುತ್ತದೆ, ದೇಹ ಆ ಮಣಿಗಳಿಂದಲೇ ತನ್ನ ಮಾಂಸ, ಚರ್ಮ, ಉಗುರು ಎಲ್ಲವನ್ನೂ ಪೋಣಿಸಿಕೊಳ್ಳುತ್ತದೆ. ಆ ಇಪ್ಪತ್ತರಲ್ಲಿ ಒಂದರ ಹೆಸರು ಫಿನೈಲ್‌ಅಲನಿನ್. ಬಳಸಿ ಮಿಕ್ಕಿದ್ದಕ್ಕೆ ನಮ್ಮ ಯಕೃತ್ತು ಆಮ್ಲಜನಕದ ಒಂದು ಪರಮಾಣುವನ್ನು ಅಂಟಿಸಿ ಬೇರೊಂದು ಮಣಿಯಾಗಿ ಮಾಡುತ್ತದೆ. ಆ ಅಂಟಿಸುವ ಕೆಲಸಕ್ಕೆಂದೇ ಒಂದು ಕಿಣ್ವ ಇರುತ್ತದೆ. ಪಾಪುವಿನಲ್ಲಿ ಆ ಕಿಣ್ವ ಇಲ್ಲ. ಒಂದು ಪರಮಾಣು ಅಂಟಿಸಲಾಗದೆ ಮಣಿಗಳು ರಕ್ತದಲ್ಲೇ ರಾಶಿ ಬೀಳುತ್ತವೆ, ಬೆಳೆಯುವ ಮಿದುಳನ್ನು ಕೆಡಿಸುತ್ತವೆ.

ಆದರೆ ಈಗಲೇ ತಡೆದರೆ ಕೆಡುವುದಿಲ್ಲ. ಆ ಒಂದು ಮಣಿಯನ್ನು ಬಿಟ್ಟು ಮಿಕ್ಕವನ್ನೆಲ್ಲ ಬೆರೆಸಿದ ಪುಡಿ ನಮ್ಮ ಆಸ್ಪತ್ರೆಗೆ ಬರುತ್ತದೆ. ಅದೇ ಅವನ ಊಟ. ನಿನ್ನ ಹಾಲನ್ನೂ ದೊಡ್ಡ ಡಾಕ್ಟರು ಹೇಳಿದಷ್ಟೇ, ಅಳೆದು ಕೊಡಬೇಕು. ಪೂರ್ತಿ ನಿಲ್ಲಿಸುವಂತೆಯೂ ಇಲ್ಲ, ಆ ಮಣಿ ಸ್ವಲ್ಪವೂ ಸಿಗದಿದ್ದರೆ ಮಗು ಬೆಳೆಯುವುದೇ ಇಲ್ಲ.

ಬರುವಾಗ ಬೆಳ್ಳಿಯ ರಕ್ತವನ್ನೂ ಕಾಗದದ ಮೇಲೆ ತೆಗೆದುಕೊಂಡು ಬಾ.

ನಿನ್ನ ಅಕ್ಕ


೧೬ ಫೆಬ್ರವರಿ ೧೯೮೪

ಅಕ್ಕಾ,

ಪುಡಿಯ ಡಬ್ಬಿಗಳ ಸಮೇತ ಮನೆ ಸೇರಿದೆವು. ಆಸ್ಪತ್ರೆಯಲ್ಲಿ ನೀನು ಬಿಳಿ ಕೋಟು ಹಾಕಿಕೊಂಡು ದೊಡ್ಡ ಡಾಕ್ಟರ ಪಕ್ಕ ನಿಂತಿದ್ದೆ, ನಾನು ಬೆಂಚಿನ ಮೇಲೆ ಕೂತಿದ್ದೆ. ಅಕ್ಕತಂಗಿಯರು ಅಂತ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಮನೆಯಲ್ಲಿ ಹಬ್ಬವೋ ಹಬ್ಬ. ಮಾವ ಡಬ್ಬಿಯ ಮುಚ್ಚಳ ತೆಗೆದು ಮೂಸಿ ಮೇಜಿನ ಮೇಲೆ ಕುಕ್ಕಿದರು. "ಈ ನಾತಕ್ಕೆ ನಾಯಿಯೂ ಮೂತಿ ಹಾಕಲ್ಲ. ಊರಿಗೆಲ್ಲ ಹಾಲು ಹಾಕೋ ಮನೇಲಿ ಹುಟ್ಟಿದ ಮಗೂಗೆ ಹಾಲು ಕುಡಿಸಬೇಡಿ ಅಂತಾಳಂತೆ! ಜನಕ್ಕೆ ಗೊತ್ತಾದ್ರೆ ನಮ್ಮ ಹಾಲನ್ನ ಯಾರು ತಗೋತಾರೆ?" ಇವರು ನೆಲ ನೋಡುತ್ತಾ ನಿಂತಿದ್ದರು. ಅಪ್ಪನ ಎದುರು ಇವರಿಗೆ ನೆಲ ಒಂದೇ ಕಾಣುವುದು. ಅತ್ತೆ ಮಾತ್ರ, "ಅವಳ ಅಕ್ಕ ಸುಮ್ಮನೆ ಹೇಳ್ತಾಳಾ? ಒಂದು ಮಗೂನ ನೋಡ್ತಾ ಇದೀವಲ್ಲ, ಸಾಲದಾ?" ಅಂದರು. ಮಾವ ಡಬ್ಬಿಗೆ ಮುಚ್ಚಳ ಹಾಕಿ ಹೊರಗೆ ಹೋದರು. ಅತ್ತೆ ನನ್ನ ಪರವಾಗಿ ಮಾತಾಡಿದ್ದು ನಾನು ಕಂಡ ಹಾಗೆ ಇದೇ ಮೊದಲು.

ಪಾಪು ಮೊದಮೊದಲು ಪುಡಿಯನ್ನೆಲ್ಲ ಉಗಿದ. ಈಗ ಕುಡಿಯುತ್ತಾನೆ. ನನ್ನ ಎದೆ ಬಿಗಿದು ಕಲ್ಲಾಗುತ್ತದೆ. ಅಳೆದು ಕೊಟ್ಟು ಮಿಕ್ಕಿದ್ದನ್ನು ಹಿಂಡಿ ಮೋರಿಗೆ ಚೆಲ್ಲುತ್ತೇನೆ.

ಇನ್ನೊಂದು ವಿಷಯ. ದೊಡ್ಡ ಡಾಕ್ಟರು, "ನಿಮ್ಮ ಪುಣ್ಯ, ಸರಿಯಾದ ಹೊತ್ತಿಗೆ ಗೊತ್ತಾಯ್ತು, ಇವನು ಎಲ್ಲ ಮಕ್ಕಳ ಹಾಗೇ ಆಗ್ತಾನೆ" ಅಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಸರಿಯಾದ ಹೊತ್ತು ಅಂದರೆ ತಪ್ಪಿದ ಹೊತ್ತೂ ಒಂದಿರಬೇಕಲ್ಲ. ಬೆಳ್ಳಿಯ ಕಾಗದ ನಿನ್ನ ಕೈಗೇ ಕೊಟ್ಟು ಬಂದೆ. ಅದರ ಸುದ್ದಿ ಎಲ್ಲಿ?

ಸಕ್ಕರೆ ಹಚ್ಚಿ ಬರೆಯಬೇಡ.

ತಂಗಿ


೨೩ ಫೆಬ್ರವರಿ ೧೯೮೪

ಪ್ರೀತಿಯ ತಂಗಿಗೆ,

ಬೆಳ್ಳಿಗೂ ಅದೇ. ಅವಳ ಉಂಗುರ ಪಾಪುವಿನದಕ್ಕಿಂತ ದೊಡ್ಡದು.

ಸಕ್ಕರೆ ಬೇಡ ಎಂದೆ, ಹಾಗೇ ಬರೆಯುತ್ತೇನೆ. ಅವಳು ಹುಟ್ಟಿದಾಗ ಚೆನ್ನಾಗಿಯೇ ಇದ್ದಳು. ಮೊದಲ ವಾರಗಳಲ್ಲಿ ಗೊತ್ತಾಗಿದ್ದರೆ ಚೆನ್ನಾಗಿಯೇ ಇರುತ್ತಿದ್ದಳು. ಆಗ ಇಲ್ಲಿ ಈ ಪರೀಕ್ಷೆ ಇರಲಿಲ್ಲ. ಅವಳ ಕೂದಲಿನ ಬಣ್ಣಕ್ಕೂ ಇದೇ ಕಾರಣ: ಆಮ್ಲಜನಕ ಅಂಟಿ ಆಗಬೇಕಾದ ಆ ಎರಡನೆಯ ಮಣಿಯಿಂದಲೇ ದೇಹ ಕಪ್ಪು ಬಣ್ಣ ಮಾಡಿಕೊಳ್ಳುವುದು. ಮಣಿ ಕಡಿಮೆ, ಬಣ್ಣವೂ ಕಡಿಮೆ. ನಾನು ಮೂಸಿದ್ದು ರಾಶಿ ಬಿದ್ದ ವಸ್ತು ಬೇರೆ ದಾರಿ ಹಿಡಿದು ಮೂತ್ರದಲ್ಲಿ ಹೊರಬರುವ ವಾಸನೆ, ಇಲಿ ಓಡಾಡಿದ ಹಳೆಯ ಪೆಟ್ಟಿಗೆಯ ನಾತದಂತೆ ಇರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಅವತ್ತು ಗುರುತು ಹತ್ತಿತು. ಪರೀಕ್ಷೆ ಬರುವವರೆಗೆ ಬಾಯಿ ಬಿಡಬಾರದು ಎಂದುಕೊಂಡೆ.

ಮನೆಯಲ್ಲಿ ನಿನ್ನನ್ನು ದೂರಿದರೆ ಹೇಳು: ಇದು ಒಬ್ಬರಿಂದ ಬರುವುದಲ್ಲ. ತಂದೆ ತಾಯಿ ಇಬ್ಬರಲ್ಲೂ ಆ ಕೊರತೆಯ ಒಂದೊಂದು ಪ್ರತಿ ಇರಬೇಕು. ಎರಡೂ ಒಂದೇ ಮಗುವಿಗೆ ಬಂದಾಗ ಮಾತ್ರ ಹೀಗೆ. ನಿಮಗಿಬ್ಬರಿಗೂ ಅದು ಏನೂ ಮಾಡುವುದಿಲ್ಲ, ಗೊತ್ತೂ ಆಗುವುದಿಲ್ಲ.

ಹಾಲಿನಲ್ಲಿ ವಿಷ ಇರಲಿಲ್ಲ. ಅದನ್ನು ನೆನಪಿಟ್ಟುಕೋ.

ನಿನ್ನ ಅಕ್ಕ


೩೦ ಏಪ್ರಿಲ್ ೧೯೮೪

ಅಕ್ಕಾ,

ಪಾಪುವಿನ ತಿಂಗಳ ರಕ್ತದ ಕಾರ್ಡುಗಳನ್ನು ಇವರ ಕೈಲಿ ಕಳಿಸುತ್ತಿದ್ದೆ. ನಿನಗೆ ಬರೆಯಲು ಕೈ ಏಳಲಿಲ್ಲ.

ಬೆಳ್ಳಿ ಹುಟ್ಟಿದ ವರ್ಷ ನಿನಗೆ ನೆನಪಿದೆಯೋ ಇಲ್ಲವೋ. ನೀನು ಪರೀಕ್ಷೆಗೆ ಓದುತ್ತಿದ್ದೆ, ಒಂದೇ ಸಲ ಬಂದು ಹೋದೆ. ನಾಲ್ಕನೇ ತಿಂಗಳಲ್ಲಿ ಅವಳು ನಗುತ್ತಿದ್ದಳು. ನಾನು ಕ್ಯಾನು ತೊಳೆಯುವ ಸದ್ದು ಕೇಳಿ ಕತ್ತು ತಿರುಗಿಸುತ್ತಿದ್ದಳು. ಆಮೇಲೆ ಆಮೇಲೆ ಮಂಕಾಗುತ್ತಾ ಬಂದಳು. ಶಕ್ತಿ ಸಾಲದು ಅಂತ ಎಲ್ಲರೂ ಅಂದರು. ಊರಿನ ಡಾಕ್ಟರೂ ಅದನ್ನೇ ಹೇಳಿದರು. ನಾನು ಹೆಚ್ಚು ಕುಡಿಸಿದೆ. ಎದೆಹಾಲು ಸಾಲದಾಗ ಡೈರಿಯ ಹಾಲನ್ನು, ಕೆನೆ ಸಮೇತ, ಚಮಚ ಚಮಚವಾಗಿ, ಬೇಡ ಅಂತ ಮುಖ ತಿರುಗಿಸಿದರೂ ಮೂಗು ಹಿಡಿದು ಕುಡಿಸಿದೆ. ಅವಳು ಮಂಕಾದಷ್ಟೂ ಕುಡಿಸಿದೆ, ಕುಡಿಸಿದಷ್ಟೂ ಮಂಕಾದಳು.

ಇದನ್ನು ನಾನು ತಿಳಿಯದೇ ಸಾಯಬಹುದಿತ್ತು. ಅವಳು ಹಾಗೇ ಹುಟ್ಟಿದಳು ಅಂದುಕೊಂಡಿದ್ದೆ. ಆ ಒಂದು ಮಾತಿನ ಮೇಲೆ ಆರು ವರ್ಷ ಬದುಕಿದ್ದೆ, ಅಕ್ಕ. "ಹುಟ್ಟಿದಾಗ ಚೆನ್ನಾಗಿಯೇ ಇದ್ದಳು" ಅಂತ ನೀನು ಬರೆದೆ. ನಾನೇ ಕೇಳಿದೆ, ನಿಜ. ನಾನು ಕೇಳಿದ್ದೆಲ್ಲವನ್ನೂ ನೀನು ಯಾವಾಗ ಕೊಟ್ಟಿದ್ದೆ? ಇದನ್ನೇ ಕೊಡಬೇಕಾಗಿತ್ತೇ?

ಇಬ್ಬರಿಂದಲೂ ಬಂದದ್ದು ಎಂಬ ಮಾತನ್ನು ಇವರಿಗೆ ಓದಿ ಹೇಳಿದೆ. ಮಾವನಿಗೆ ಕೇಳಿಸಿತು. "ನಮ್ಮ ವಂಶದಲ್ಲಿ ಇಂಥದ್ದಿಲ್ಲ" ಅಂದರು. ಅಷ್ಟೇ. ಮಾತು ಮುಗಿಯಿತು.

ಪಾಪು ನನ್ನ ಮುಖ ನೋಡಿ ನಗುತ್ತಾನೆ. ನನಗೆ ಭಯವಾಗುತ್ತದೆ.

ಆ ಪುಡಿಯಿಂದ ಬೆಳ್ಳಿಗೆ ಈಗ ಏನಾದರೂ ಆಗುತ್ತದೆಯೇ? ಇಷ್ಟು ಹೇಳು.

ತಂಗಿ


೯ ಮೇ ೧೯೮೪

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಓದಿದೆ. ಅದಕ್ಕೆ ಉತ್ತರ ಬರೆಯಲು ಕೂತು ಹಾಳೆ ಹರಿದೆ. ಬರೆಯಲು ಬರುವುದನ್ನು ಮಾತ್ರ ಬರೆಯುತ್ತೇನೆ.

ಕೆಟ್ಟ ಮಿದುಳು ಸರಿಯಾಗುವುದಿಲ್ಲ. ಮಾತು ಬರುವುದಿಲ್ಲ, ಬುದ್ಧಿ ಬೆಳೆಯುವುದಿಲ್ಲ. ಆದರೆ ದೊಡ್ಡ ಮಕ್ಕಳಿಗೂ ಈ ಪಥ್ಯ ಮಾಡಿಸಿದಾಗ ಕೆಲವರಲ್ಲಿ ರಂಪ, ಕಚ್ಚಿಕೊಳ್ಳುವುದು, ಚರ್ಮದ ತುರಿಕೆ ಕಡಿಮೆಯಾಗಿದೆ ಎಂದು ಓದಿದ್ದೇನೆ. ಎಲ್ಲರಲ್ಲೂ ಅಲ್ಲ.

ದೊಡ್ಡ ಡಾಕ್ಟರ ಬಳಿ ಹೋಗಿ ಬೆಳ್ಳಿಯ ಹೆಸರಿಗೂ ಪುಡಿ ಬೇಕೆಂದು ಕೇಳಿದೆ. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ದೂರದ ಕಾರ್ಖಾನೆಯಿಂದ ಹಡಗಿನಲ್ಲಿ ಬರುತ್ತದೆ. ಹಸುಗೂಸಾಗಿದ್ದಾಗ ಪತ್ತೆಯಾದ ಮಕ್ಕಳಿಗೆ ಮಾತ್ರ ಲೆಕ್ಕ ಹಾಕಿ ಕಳಿಸುತ್ತಾರೆ. ಆಗುವುದಿಲ್ಲ ಎಂದರು. ಅವರು ಹೇಳಿದ ಪೂರ್ತಿ ಮಾತು ಬೇಡ.

ಪುಡಿ ಇಲ್ಲದೆ ಬೆಳ್ಳಿಗೆ ಬರೀ ಹಾಲು, ಬೇಳೆ ನಿಲ್ಲಿಸಲು ಹೋಗಬೇಡ. ಉಳಿದ ಮಣಿಗಳು ಸಿಗದೆ ಸೊರಗುತ್ತಾಳೆ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪಾಪುವಿನ ಉಂಗುರ ಈಗ ಬೇಕಾದಷ್ಟೇ ಇದೆ. ನೀನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯ.

ನಿನ್ನ ಅಕ್ಕ


೨ ಡಿಸೆಂಬರ್ ೧೯೮೪

ಅಕ್ಕಾ,

ಈ ತಿಂಗಳ ಕಾರ್ಡು ಇದೆ. ಒಂದು ವೃತ್ತ ಕದಡಿದೆ, ಪಾಪು ಕಾಲು ಎಳೆದುಕೊಂಡ. ಅವನಿಗೆ ಈಗ ಕಾಲಿನ ಶಕ್ತಿ ಹೆಚ್ಚು. ಗೋಡೆ ಹಿಡಿದು ನಡೆಯುತ್ತಾನೆ. ಅತ್ತೆಯನ್ನು ಕಂಡರೆ "ತಾತಾ" ಅಂತಾನೆ, ಮಾವನನ್ನು ಕಂಡರೂ "ತಾತಾ". ಮಾವ ಆ ಒಂದು ಮಾತಿಗೆ ಕರಗಿ ನೀರಾಗಿದ್ದಾರೆ. ಈಗ ಅಂಗಡಿ ಕಟ್ಟೆಯ ಮೇಲೆ ಕೂರಿಸಿಕೊಂಡು ಗಿರಾಕಿಗಳಿಗೆ ಇವನನ್ನು ತೋರಿಸುತ್ತಾರೆ.

ಇನ್ನೊಂದು ಹೇಳಲೇ? ಮೊನ್ನೆ ಬೆಳ್ಳಿಯ ತಲೆ ಬಾಚಿದೆ. ಸುಮ್ಮನೆ ಕೂತಿದ್ದಳು. ಒಂದು ಜಡೆ ಪೂರ್ತಿ ಹೆಣೆಯುವವರೆಗೆ. ಮಣಿಕಟ್ಟಿನ ಗಾಯ ಒಣಗಿ ಹೊಸ ಚರ್ಮ ಬಂದಿದೆ. ಹಗಲಲ್ಲಿ ಅವಳ ಕೋಣೆಯ ಬಾಗಿಲು ಹಾಕುವುದನ್ನು ನಾನು ಬಿಟ್ಟಿದ್ದೇನೆ.

ಪಾಪುವಿಗೆ ಸ್ವಲ್ಪ ಜ್ವರ ಬಂದು ಹೋಯಿತು. ಹಸಿದವನ ಹಾಗೆ ಅಳುತ್ತಲೇ ಇರುತ್ತಾನೆ, ಹಲ್ಲು ಬರುವ ಕಾಲ ಇರಬೇಕು.

ನೀನು ಹೇಗಿದ್ದೀಯ? ಒಬ್ಬಳೇ ಬೇಯಿಸಿಕೊಂಡು ತಿನ್ನುತ್ತೀಯೋ, ಆಸ್ಪತ್ರೆಯ ಕ್ಯಾಂಟೀನೇ ಗತಿಯೋ?

ನಿನ್ನ ತಂಗಿ


೧೦ ಡಿಸೆಂಬರ್ ೧೯೮೪

ತಂಗೀ,

ಪಾಪುವಿನ ಉಂಗುರ ಹೋದ ತಿಂಗಳು ಸ್ವಲ್ಪ ದೊಡ್ಡದಿತ್ತು. ಜ್ವರವೇನೋ ಎಂದುಕೊಂಡು ಸುಮ್ಮನಿದ್ದೆ. ಈ ತಿಂಗಳು ಬಹಳ ದೊಡ್ಡದಿದೆ. ಇಷ್ಟು ದಿನ ಕಾಪಾಡಿದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದೆ.

ಯಾರೋ ಅವನಿಗೆ ಹಾಲು ಕುಡಿಸುತ್ತಿದ್ದಾರೆ. ನೀನು ಕ್ಯಾನು ತೊಳೆಯುವಾಗ ಮಗು ಯಾರ ಕೈಯಲ್ಲಿರುತ್ತದೆ? ಹಸಿದು ಅತ್ತರೆ ಯಾರ ಕರುಳು ಚುರ್ ಎನ್ನುತ್ತದೆ? ನಿನ್ನ ಅತ್ತೆ ಒಳ್ಳೆಯವರು, ಒಳ್ಳೆಯವರೇ ಇಂಥದ್ದು ಮಾಡುವುದು. ಒಂದು ಲೋಟ ಹಾಲಿನಿಂದ ಏನಾದೀತು ಎಂದು ಅವರಿಗನ್ನಿಸಿರಬಹುದು. ಏನಾಗುತ್ತದೆ ಎಂಬುದು ನಿಮ್ಮ ಮನೆಯಲ್ಲೇ ಇದೆಯಲ್ಲ.

ನೀನು ಅವರೆದುರು ಬಾಯಿ ಬಿಡುವುದಿಲ್ಲ ಎಂದು ಗೊತ್ತು. ಅದಕ್ಕೇ ನಿನ್ನ ಗಂಡನಿಗೆ ಬೇರೆಯಾಗಿ, ಅಂಗಡಿಯ ವಿಳಾಸಕ್ಕೆ ಬರೆದಿದ್ದೇನೆ. ಮಗುವನ್ನು ಅಜ್ಜಿಯ ಕೈಗೆ ಕೊಡಬೇಡಿ ಎಂದು ನೇರವಾಗಿಯೇ ಬರೆದಿದ್ದೇನೆ. ಸಿಟ್ಟಾದರೆ ಆಗಲಿ.

ಅಕ್ಕ


೨೮ ಡಿಸೆಂಬರ್ ೧೯೮೪

ಅಕ್ಕಾ,

ನಿನ್ನ ಪತ್ರ ಅಂಗಡಿಗೆ ಬಂದಾಗ ಇವರು ಹಾಲು ಹಾಕಲು ಹೋಗಿದ್ದರು. ಮಾವ ಒಡೆದು ಓದಿದರು.

ಊಟಕ್ಕೆ ಕೂತಾಗ ತೆಗೆದರು. "ಏನೇ, ಕದ್ದು ಕುಡಿಸ್ತಾ ಇದೀಯಂತೆ ಮಗೂಗೆ? ಪೇಟೆಯಿಂದ ಬರೆದಿದಾಳೆ ನೋಡು." ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. "ನಾನಾ? ನಾನು ಯಾಕೆ ಕುಡಿಸಲಿ?" ಅಂದರು. "ಇನ್ನಾರು ಕುಡಿಸ್ತಾರೆ? ಗೋಡೆ ಕುಡಿಸುತ್ತಾ? ಒಂದನ್ನ ಹಾಳು ಮಾಡಿದ್ದು ಸಾಲದಾಯ್ತಾ ನಿನಗೆ?" ಅತ್ತೆ ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ, ನಾನು ಕುಡಿಸಿದ್ದನ್ನ ಕಂಡಿದೀಯಾ?" ಅಂದರು.

ನಾನು ಬಡಿಸುತ್ತಾ ನಿಂತಿದ್ದೆ. ಕಂಡಿಲ್ಲ ಅಂತ ಮಾತ್ರ ಹೇಳಿದೆ. ಕಂಡಿಲ್ಲ ಅನ್ನುವುದೂ ಕುಡಿಸಿಲ್ಲ ಅನ್ನುವುದೂ ಒಂದೇ ಅಲ್ಲ, ಅಲ್ಲವೇ? ಮಾರನೆಯ ಬೆಳಿಗ್ಗೆ ಅತ್ತೆ ಬಟ್ಟೆ ಕಟ್ಟಿಕೊಂಡು ತಮ್ಮ ತಂಗಿಯ ಮನೆಗೆ ಹೊರಟರು. ಬಾಗಿಲ ಹತ್ತಿರ ನಿಂತು ಬೆಳ್ಳಿಯ ತಲೆ ಸವರಿ ಹೋದರು. ಪಾಪುವನ್ನು ಮುಟ್ಟಲಿಲ್ಲ.

ಅತ್ತೆ ಕುಡಿಸಲಿಲ್ಲ. ಯಾರೂ ಹಾಲು ಕುಡಿಸಲಿಲ್ಲ. ನಾನು ಪುಡಿಯನ್ನು ಎರಡು ಪಾಲು ಮಾಡುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಶುರು ಮಾಡಿದೆ. ಪಾಪು ಗಂಜಿ, ಹಣ್ಣು ತಿನ್ನತೊಡಗಿದ್ದ, ಅವನಿಗೆ ಅದರಿಂದ ತುಂಬುತ್ತದೆ ಅಂದುಕೊಂಡೆ. ಬೆಳ್ಳಿಗೆ ಹಾಲು ಬೇಳೆ ನಿಲ್ಲಿಸಿ ಅವನ ಪುಡಿಯಲ್ಲಿ ಪಾಲು ಕೊಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಕಚ್ಚಿಕೊಳ್ಳುವುದು ನಿಂತಿತು. ತುರಿಕೆ ನಿಂತಿತು. ಒಂದು ಬೆಳಿಗ್ಗೆ ನಾನು ಕ್ಯಾನು ಹೊತ್ತು ಒಳಗೆ ಬಂದಾಗ ತೂಗುವುದನ್ನು ನಿಲ್ಲಿಸಿ ತಲೆ ಎತ್ತಿದಳು. ನನ್ನನ್ನು ನೋಡಿದಳು, ಅಕ್ಕ. ಗೋಡೆಯನ್ನು ನೋಡುವ ಹಾಗಲ್ಲ. ಬಂದವರು ಯಾರು ಅಂತ ನೋಡುವ ಹಾಗೆ. ಕ್ಯಾನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಅವಳು ಎದ್ದು ಬಂದು ನನ್ನ ಒದ್ದೆ ತೋಳನ್ನು ಹಿಡಿದುಕೊಂಡಳು. ಬೇರೇನೂ ಮಾಡಲಿಲ್ಲ, ಹಿಡಿದುಕೊಂಡಳು. ಈಗ ದಿನಾ ಹಿಡಿದುಕೊಳ್ಳುತ್ತಾಳೆ.

ಮೂಗು ಹಿಡಿದು ಕುಡಿಸಿದ ಕೈ ಅದು.

ಇನ್ನು ನೀನು ಹೇಳು. ಓದಿದವಳು ನೀನು. ಡಬ್ಬಿ ಒಬ್ಬರಿಗಾಗುವಷ್ಟು, ಮಕ್ಕಳು ಇಬ್ಬರು. ಯಾರಿಗೆ ಕೊಡಲಿ? ಅವರಿಬ್ಬರಲ್ಲಿ ಯಾರ ಹೆಸರು ಹೇಳುತ್ತೀಯೋ ಅದನ್ನು ಬರೆದು ಕಳಿಸು. ನನಗೆ ರಸಾಯನಶಾಸ್ತ್ರ ಬೇಡ.

ತಂಗಿ


೪ ಜನವರಿ ೧೯೮೫

ತಂಗೀ,

ಪಾಪುವಿಗೆ ಕೊಡು.

ರಸಾಯನಶಾಸ್ತ್ರ ಬೇಡ ಎಂದರೂ ಇದೊಂದನ್ನು ನಾನು ಬರೆಯಲೇಬೇಕು. ಅದು ನನಗೆ ಗೊತ್ತಿತ್ತು, ಆದರೂ ಹಾಲು ಎಂದೇ ಯೋಚಿಸಿದೆ. ಪುಡಿ ಸಾಲದೆ ಹೋದರೆ ದೇಹ ಕೈಕಟ್ಟಿ ಕೂರುವುದಿಲ್ಲ. ತನ್ನ ಮಾಂಸವನ್ನೇ ಕಡಿದು ಮಣಿ ಬಿಡಿಸಿಕೊಳ್ಳುತ್ತದೆ, ಅದರಲ್ಲಿ ಆ ಮಣಿಯೂ ಇರುತ್ತದೆ. ಹೊರಗಿನಿಂದ ಯಾರೂ ಒಂದು ತೊಟ್ಟು ಕುಡಿಸದಿದ್ದರೂ ಪಾಪುವಿನ ರಕ್ತ ಅವನೊಳಗಿನಿಂದಲೇ ಕೆಡುತ್ತಿತ್ತು. ಇನ್ನು ಕೆಲವು ತಿಂಗಳು ಹೀಗೇ ಹೋದರೆ ಇಬ್ಬರು ಬೆಳ್ಳಿಯರಾಗುತ್ತಾರೆ.

ನಿನ್ನ ಅತ್ತೆಯವರಿಗೆ ಬೇರೆ ಕಾಗದ ಬರೆದಿದ್ದೇನೆ, ಅವರ ತಂಗಿಯ ಮನೆಗೇ ಕಳಿಸಿದ್ದೇನೆ. ತಪ್ಪು ನನ್ನದು, ನನ್ನನ್ನು ಕ್ಷಮಿಸಬೇಕಾಗಿಲ್ಲ ಎಂದೂ ಬರೆದೆ.

ದೊಡ್ಡ ಡಾಕ್ಟರ ಬಳಿ ಮತ್ತೆ ಹೋದೆ. ಬಾಗಿಲು ಹಾಕಿಕೊಂಡು ಕಾಲು ಹಿಡಿಯುವುದೊಂದು ಬಾಕಿ. ಹೋದ ಸಲ ಅವರು ಹೇಳಿದ್ದನ್ನು ನಿನಗೆ ಬರೆದಿರಲಿಲ್ಲ. ಈ ಸಲವೂ ಅದನ್ನೇ ಹೇಳಿದರು: "ಉಳಿಸೋಕೆ ಏನಾದ್ರೂ ಇರೋ ಕಡೆ ಖರ್ಚು ಮಾಡಬೇಕಮ್ಮ." ತೋಳು ಹಿಡಿದುಕೊಳ್ಳುವ ಸಂಗತಿ ಹೇಳಿದೆ. ಅದನ್ನು ವರದಿಯಲ್ಲಿ ಯಾವ ಕಾಲಮಿನಲ್ಲಿ ಬರೆಯೋಣ ಎಂದು ಕೇಳಿದರು. ವ್ಯಂಗ್ಯಕ್ಕಲ್ಲ, ನಿಜವಾಗಿಯೇ ಕೇಳಿದರು.

ನೀನು ಆರಿಸಿದ್ದಲ್ಲ, ನಾನು ಆರಿಸಿದ್ದು. ಹಾಗೇ ತಿಳಿದುಕೋ. ಭಾರ ಪೂರ್ತಿ ನನ್ನ ಮೇಲೆ ಹಾಕು.

ಅಕ್ಕ


೨೦ ಫೆಬ್ರವರಿ ೧೯೮೫

ಅಕ್ಕಾ,

ಹಾಕಿದ್ದೇನೆ.

ಪಾಪುವಿಗೆ ಡಬ್ಬಿ ಪೂರ್ತಿ. ಬೆಳ್ಳಿಗೆ ಮನೆಯವರೆಲ್ಲ ಉಣ್ಣುವ ಊಟ, ಮೊದಲಿನಂತೆ. ಸ್ವಲ್ಪ ದಿನ ಏನೂ ವ್ಯತ್ಯಾಸ ಕಾಣಲಿಲ್ಲ. ಇವಳು ತಪ್ಪಿಸಿಕೊಂಡಳು ಅಂತ ನನ್ನ ಆಸೆ ನೋಡು. ಆಮೇಲೆ ತುರಿಕೆ ಬಂತು. ಆಮೇಲೆ ಜಡೆ ಹಾಕಲು ಬಿಡಲಿಲ್ಲ. ಒಂದು ಮಧ್ಯಾಹ್ನ ನಾನು ಒಳಗೆ ಬಂದಾಗ ತಲೆ ಎತ್ತಲಿಲ್ಲ. ನಾನೇ ಹೋಗಿ ತೋಳು ಮುಂದಿಟ್ಟೆ. ಹಿಡಿದುಕೊಳ್ಳುತ್ತಾಳೇನೋ ಅಂತ. ಕಚ್ಚಿದಳು. ನನಗೆ ನೋವಾಗಿದ್ದು ಕಚ್ಚಿದ್ದಕ್ಕಲ್ಲ.

ಪಾಪು ಪುಡಿ ಕುಡಿಯುವಾಗ ಅವಳು ಆ ಕಡೆ ಬರುತ್ತಾಳೆ. ಅದು ತನ್ನದೂ ಆಗಿತ್ತು ಎಂದು ಗೊತ್ತಿದೆಯೋ, ವಾಸನೆಗೆ ಬರುತ್ತಾಳೋ. ಹೋದ ವಾರ ಅವನ ಕೈಯಿಂದ ಲೋಟ ಕಿತ್ತುಕೊಂಡಳು, ಅವನು ಬಿದ್ದು ಹುಬ್ಬು ಒಡೆಯಿತು. ಮಾವ ಅವಳನ್ನು ಎಳೆದುಕೊಂಡು ಹೋಗಿ ಕ್ಯಾನಿನ ಕೋಣೆಗೆ ತಳ್ಳಿ ಚಿಲಕ ಹಾಕಿದರು. "ಇಂಥವರನ್ನ ಇಟ್ಟುಕೊಳ್ಳೋ ಕಡೆ ಇವೆ, ಕಳಿಸಿಬಿಡಿ. ಇದ್ದೊಂದು ಮಗೂನ ಬದುಕಿಸಿಕೊಳ್ಳಿ" ಅಂದರು. ಇದ್ದೊಂದು ಮಗು. ಇವರು ನೆಲ ನೋಡಿದರು. ನಾನು ಚಿಲಕ ತೆಗೆದೆ.

ನೀನು ಹೇಳಿದ್ದು ಸರಿ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಾನೇ ನಿನ್ನ ಜಾಗದಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೆ ಬರೆದವಳು ನೀನು. ಪಾಪು ಕುಡಿದು ಬಾಯಿ ಒರೆಸಿಕೊಂಡು ನಗುವಾಗ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಒಂದು ವರ್ಷದ ಕೂಸಿನ ಮೇಲೆ. ಅದನ್ನು ಯಾವ ತಟ್ಟೆಯಲ್ಲಿಟ್ಟು ಉಂಗುರ ನೋಡುತ್ತೀಯೋ ನೋಡು.

ಇನ್ನು ಮುಂದೆ ನನಗೆ ಬರೆಯಬೇಡ. ಕಾರ್ಡು ತಪ್ಪದೆ ಬರುತ್ತದೆ.

ತಂಗಿ


೧೬ ಏಪ್ರಿಲ್ ೧೯೮೫

ಅಕ್ಕನವರಿಗೆ ನಮಸ್ಕಾರಗಳು.

ತಾವು ತಮ್ಮ ತಂಗಿಗೆ ಬರೆದ ಎರಡು ಪತ್ರಗಳು ಹಾಗೆಯೇ ಇವೆ. ಅವಳು ಇಲ್ಲಿಲ್ಲದ ಕಾರಣ ಒಡೆದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನನಗೆ ಪತ್ರ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

ದೊಡ್ಡವಳನ್ನು ಹೋದ ತಿಂಗಳು ಅಂಥ ಮಕ್ಕಳ ನಿಲಯಕ್ಕೆ ಸೇರಿಸುವುದೆಂದು ಅಪ್ಪ ತೀರ್ಮಾನ ಮಾಡಿದರು. ಬಿಟ್ಟು ಬರಲು ನಾವಿಬ್ಬರೂ ಹೋದೆವು. ಅಲ್ಲಿ ಉದ್ದನೆಯ ಹಾಲ್, ಕಿಟಕಿಗಳಿಗೆ ಜಾಲರಿ, ಸಾಲು ಮಂಚ. ಹೊರಡುವ ಹೊತ್ತಿಗೆ ಅವಳು ನನ್ನ ಕೈಗೆ ಚೀಲ ಕೊಟ್ಟು, "ನೀವು ಹೋಗಿ, ಪಾಪು ಎದ್ದಿರ್ತಾನೆ" ಅಂದಳು. ನಿಲಯದ ಅಡುಗೆಮನೆಯಲ್ಲಿ ಕೆಲಸಕ್ಕೆ ಜನ ಬೇಕಾಗಿತ್ತಂತೆ, ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದಳು. ನಾನು ಬಹಳ ಹೇಳಿದೆ. "ಅವನಿಗೆ ಪುಡಿ ಇದೆ, ನೀವೆಲ್ಲ ಇದೀರಿ. ಇವಳಿಗೆ ಯಾರಿದಾರೆ?" ಅಂದಳು. ಅದಕ್ಕೆ ನನಗೆ ಉತ್ತರ ಬಸ್ಸಿನಲ್ಲಿ ಹೊಳೆಯಿತು. ಅಷ್ಟು ಹೊತ್ತಿಗೆ ಬಹಳ ದೂರ ಬಂದಿದ್ದೆ.

ಮಗುವಿನ ಪುಡಿಯ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ನಾನೇ ಹೋಗಿ ನನ್ನ ಅಮ್ಮನನ್ನು ಕರೆತಂದೆ. ಅಪ್ಪನ ಜೊತೆ ಅವಳು ಮಾತು ಬಿಟ್ಟಿದ್ದಾಳೆ, ಆದರೆ ಮಗುವಿನ ಕೆಲಸವೆಲ್ಲ ಅವಳದೇ. ಚಮಚದ ಮೇಲೆ ಚಾಕು ಎಳೆದು ಅಳೆಯುತ್ತಾಳೆ, ಒಂದು ಕಾಳು ಹೆಚ್ಚುಕಡಿಮೆಯಾಗಲು ಬಿಡುವುದಿಲ್ಲ. ನನ್ನನ್ನೂ ಡಬ್ಬಿ ಮುಟ್ಟಲು ಬಿಡುವುದಿಲ್ಲ. ತಮ್ಮ ಕ್ಷಮೆಯ ಪತ್ರವನ್ನು ಓದಿಸಿಕೊಂಡು ಕೇಳಿದಳು. ಉತ್ತರ ಏನು ಬರೆಯಲಿ ಅಂದರೆ, ಏನೂ ಬೇಡ ಅಂದಳು.

ನಿಲಯದ ವಿಳಾಸವನ್ನು ತಮಗೆ ಕೊಡಬಾರದೆಂದು ಅವಳು ಹೇಳಿರುವುದರಿಂದ ಬರೆಯುತ್ತಿಲ್ಲ.

ಮಗು ಚೆನ್ನಾಗಿದ್ದಾನೆ. ಈಗ ಓಡುತ್ತಾನೆ. ಎರಡು ಮಾತು ಸೇರಿಸಿ ಹೇಳುತ್ತಾನೆ. ನನ್ನ ಅಮ್ಮನನ್ನೇ "ಅಮ್ಮ" ಎಂದು ಕರೆಯುತ್ತಿದ್ದಾನೆ, ನಾವು ತಿದ್ದಿಲ್ಲ.

ಈ ತಿಂಗಳ ಕಾರ್ಡು ಲಗತ್ತಿಸಿದೆ. ಫಲಿತಾಂಶವನ್ನು ಅಂಗಡಿಯ ವಿಳಾಸಕ್ಕೆ ತಿಳಿಸುವುದು.

ಇಂತಿ,
ಪಾಪುವಿನ ತಂದೆ